ನಾಲ್ಕು ಸಾಲಿನ ಸುದ್ದಿ, ಹನ್ನೆರಡು ಕುಂಡ ಜೋಳ: ನಮ್ಮ ಕ್ಲಾಸ್ ಪ್ರಾಜೆಕ್ಟ್ ಬಗ್ಗೆ ದನ ಸಾಕುವವರ ಮಾತು ಬೇಕು

ಔರಾದ್ ಹುಡುಗಿ (ಭಾನುವಾರ, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ಬೀದರ್‌ನಲ್ಲಿ ಪಶುವೈದ್ಯ ಪದವಿ ಓದುತ್ತಿದ್ದೇನೆ, ಮೂರನೇ ವರ್ಷ. ನಮ್ಮೂರು ಔರಾದ್ ತಾಲ್ಲೂಕಿನಲ್ಲಿ, ಮಹಾರಾಷ್ಟ್ರದ ಗಡಿಗೆ ಹತ್ತಿಕೊಂಡೇ ಇದೆ. ಎಳೆ ಜೋಳ ಮೇಯ್ದು ದನ ಸಾಯುವುದರ ಮೇಲೆ ನಾವು ಮಾಡಿದ ಪ್ರಾಜೆಕ್ಟ್ ಬಗ್ಗೆ ಬರೆದಿದ್ದೇನೆ, ಬರಹ ಸ್ವಲ್ಪ ಉದ್ದ ಆಗಿದೆ. ಆದರೂ ಮನೆಯಲ್ಲಿ ದನ ಕಟ್ಟಿದವರು ಪೂರ್ತಿ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ನಮ್ಮ ಕ್ಲಾಸಿನಲ್ಲಿ ಒಂದು ರೂಢಿ ಇದೆ. ಪ್ರತಿ ಶನಿವಾರ ಒಬ್ಬರು ಆ ವಾರ ಓದಿದ ಪ್ರಾಣಿ ವಿಜ್ಞಾನದ ಸುದ್ದಿಯೊಂದನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿ, ಅದರ ಬಗ್ಗೆ ಹತ್ತು ನಿಮಿಷ ಮಾತಾಡಬೇಕು. ಮೊದಲ ವರ್ಷ ನಾವೆಲ್ಲ ದೊಡ್ಡ ದೊಡ್ಡ ಸುದ್ದಿಗಳನ್ನೇ ಹುಡುಕಿ ತರುತ್ತಿದ್ದೆವು. 2022ರ ಜನವರಿಯಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಜೀನ್ ಬದಲಿಸಿದ ಹಂದಿಯ ಹೃದಯವನ್ನು ಮನುಷ್ಯನಿಗೆ ಜೋಡಿಸಿದ್ದು, ಆತ ಸುಮಾರು ಎರಡು ತಿಂಗಳು ಬದುಕಿದ್ದು. 2009ರಲ್ಲಿ ಹರಿಯಾಣದ ಕರ್ನಾಲದಲ್ಲಿ ತದ್ರೂಪಿ ಎಮ್ಮೆಗರು ಹುಟ್ಟಿದ್ದು. ಇಂಥವನ್ನು ಹೇಳುವಾಗ ಕ್ಲಾಸ್ ಕಣ್ಣು ಬಿಟ್ಟು ಕೇಳುತ್ತಿತ್ತು, ನನಗೂ ಖುಷಿಯಾಗುತ್ತಿತ್ತು.

ಒಂದು ಸಲ ನಾನು ದನಗಳ ದೊಡ್ಡರೋಗದ ಬಗ್ಗೆ ಮಾತಾಡಿದೆ. ಇಂಗ್ಲಿಷಿನಲ್ಲಿ ರಿಂಡರ್‌ಪೆಸ್ಟ್ ಅನ್ನುತ್ತಾರೆ. ಭಾರತ ಅದರಿಂದ ಮುಕ್ತ ಎಂದು 2006ರಲ್ಲಿ ಒಪ್ಪಿಗೆ ಸಿಕ್ಕಿತು, 2011ರಲ್ಲಿ ಇಡೀ ಭೂಮಿಯಿಂದಲೇ ಹೋಯಿತೆಂದು ಘೋಷಣೆ ಆಯಿತು. ಮನುಷ್ಯರ ಸಿಡುಬಿನ ನಂತರ ಜಗತ್ತಿನಿಂದ ಪೂರ್ತಿ ಅಳಿದುಹೋದ ಎರಡನೇ ರೋಗ ಅದು. ರಜೆಗೆ ಊರಿಗೆ ಹೋದಾಗ ಅಜ್ಜಿಗೆ ಹೇಳಿದೆ. ಅಜ್ಜಿ ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟು, "ಹೋಯ್ತಾ? ಖರೇನಾ? ಮತ್ತ ಇಷ್ಟು ವರ್ಷ ಯಾರೂ ನಮಗ ಹೇಳಲೇ ಇಲ್ಲಲ್ಲ" ಅಂದಳು. ಆಕೆ ಸಣ್ಣವಳಿದ್ದಾಗ ಅವರ ಮನೆಯ ಕೊಟ್ಟಿಗೆ ಒಂದೇ ವಾರದಲ್ಲಿ ಖಾಲಿಯಾಗಿತ್ತಂತೆ. ಆ ರೋಗಕ್ಕೆ ಹೆದರಿಕೊಂಡೇ ಬದುಕಿದವಳಿಗೆ ಅದು ಸತ್ತ ಸುದ್ದಿ ಮುಟ್ಟಿರಲಿಲ್ಲ. ಆ ಮಾತು ನನ್ನನ್ನು ಬಹಳ ದಿನ ಕಾಡಿತು.

ಈಗ ವಿಷಯಕ್ಕೆ ಬರುತ್ತೇನೆ. ಈ ಬೇಸಿಗೆಯಲ್ಲಿ ಅಕಾಲಿಕ ಮಳೆ ಬಿದ್ದ ಮರು ವಾರ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿ ಬಂತು. ಹೊಲದಲ್ಲಿ ಮೇಯುತ್ತಿದ್ದ ದನಗಳು ವಿಷಾಹಾರ ಸೇವಿಸಿ ಸತ್ತಿವೆ, ಮಾಲೀಕನಿಗೆ ಇಷ್ಟು ನಷ್ಟ ಆಗಿದೆ. ಅಷ್ಟೇ. ಯಾವ ವಿಷ, ಎಲ್ಲಿಂದ ಬಂತು, ಪಕ್ಕದ ಹೊಲದವನು ನಾಳೆ ಏನು ಮಾಡಬೇಕು, ಒಂದೂ ಇಲ್ಲ. ನಾನು ಆ ವಾರ ಅದನ್ನೇ ಅಂಟಿಸಿಕೊಂಡು ಹೋದೆ. ಯಾಕೆಂದರೆ ಅದು ಏನು ವಿಷ ಎಂದು ನನಗೆ ಗೊತ್ತಿತ್ತು.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ನಮ್ಮ ಸೋದರಮಾವನ ಜೋಡೆತ್ತು ಹೀಗೇ ಹೋದವು. ದೇವಣಿ ಎತ್ತು, ಮೈ ಪೂರ್ತಿ ಬಿಳಿ, ಮುಖದ ಅರ್ಧ ಕಪ್ಪು. ಆ ಬಣ್ಣದ ಬಗೆಗೆ ವನ್ನೇರ ಅನ್ನುತ್ತಾರೆ. ಮಾರ್ಚ್ ಕೊನೆಗೆ ಎರಡು ದಿನ ಮಳೆ ಹೊಡೆದು, ಕೊಯ್ದ ಜೋಳದ ಕೂಳೆಯಿಂದ ಹಸಿರು ಚಿಗುರು ಎದ್ದಿತ್ತು. ಬೇಸಿಗೆಯಲ್ಲಿ ಒಣ ಕಣಕಿ ತಿಂದು ತಿಂದು ಬೇಸತ್ತ ಎತ್ತು ಹಗ್ಗ ಹರಿದುಕೊಂಡು ಹೋಗಿ ಮೇಯ್ದವು. ಒಂದು ಗಂಟೆ ಕೂಡ ಆಗಲಿಲ್ಲ. ಮೊದಲು ಬಾಯಿಯಿಂದ ಜೊಲ್ಲು, ಆಮೇಲೆ ನಡುಕ, ಕೊನೆಗೆ ಕೊರಳು ಚಾಚಿ ಉಸಿರಿಗೆ ಒದ್ದಾಟ. ಆಸ್ಪತ್ರೆಗೆ ಓಡಿದ ಅಣ್ಣ ಬಾಗಿಲಿಗೆ ಬೀಗ ನೋಡಿ ವಾಪಸ್ ಬಂದ. ಊರವರು ಹಾವು ಕಡಿದಿದೆ ಅಂದರು, ಯಾರೋ ಮಾಟ ಅಂದರು. ಮಾವ ಮೂರು ದಿನ ಊಟ ಮಾಡಲಿಲ್ಲ.

ಅದು ಸೈನೈಡ್. ಯಾರೂ ಹಾಕಿದ್ದಲ್ಲ, ಜೋಳದ ಒಳಗೇ ಇದ್ದದ್ದು. ಎಳೆ ಜೋಳದ ಎಲೆಯಲ್ಲಿ ಧುರಿನ್ ಎಂಬ ವಸ್ತು ಇರುತ್ತದೆ, ಅದನ್ನು ಒಡೆಯುವ ಕಿಣ್ವ ಅದೇ ಎಲೆಯಲ್ಲಿ ಬೇರೆ ಕೋಶಗಳಲ್ಲಿ ಕುಳಿತಿರುತ್ತದೆ. ಎಲೆ ಸುಮ್ಮನೆ ಇರುವವರೆಗೆ ಎರಡೂ ಸೇರುವುದಿಲ್ಲ. ದನ ಅಗಿದಾಗ ಸೇರಿ ಹೈಡ್ರೋಜನ್ ಸೈನೈಡ್ ಬಿಡುಗಡೆ ಆಗುತ್ತದೆ, ಹೊಟ್ಟೆಯ ಸೂಕ್ಷ್ಮಜೀವಿಗಳು ಇನ್ನಷ್ಟು ಬಿಡಿಸುತ್ತವೆ. ರಕ್ತದಲ್ಲಿ ಆಮ್ಲಜನಕ ತುಂಬಿರುತ್ತದೆ, ಆದರೆ ಮೈಯ ಕೋಶಗಳು ಅದನ್ನು ಬಳಸಲಾರವು. ಹಾಗಾಗಿ ಉಸಿರಾಡುತ್ತಲೇ ಉಸಿರು ಕಟ್ಟುತ್ತದೆ. ಸತ್ತ ದನವನ್ನು ಕೊಯ್ದು ನೋಡಿದರೆ ರಕ್ತ ಕೆಂಪಗೆ ಹೊಳೆಯುತ್ತಿರುತ್ತದೆ.

ಕ್ಲಾಸಿನಲ್ಲಿ ಇಷ್ಟು ಹೇಳಿದ ಮೇಲೆ ಸರ್, "ಬರೀ ಹೇಳಬೇಡ, ತೋರಿಸು" ಅಂದರು. ಅಲ್ಲಿಂದ ನಮ್ಮ ನಾಲ್ವರ ಪ್ರಾಜೆಕ್ಟ್ ಶುರುವಾಯಿತು. ಹಾಸ್ಟೆಲ್ ಹಿಂದೆ ಹನ್ನೆರಡು ಕುಂಡಗಳಲ್ಲಿ ಜೋಳ ಬಿತ್ತಿದೆವು. ಮೂರಕ್ಕೆ ದಿನಾ ನೀರು. ಮೂರಕ್ಕೆ ನೀರು ನಿಲ್ಲಿಸಿ ಬಾಡಿಸಿದೆವು. ಮೂರಕ್ಕೆ ಯೂರಿಯಾ ಹೆಚ್ಚು ಕೊಟ್ಟು ನೀರು ಹಾಕಿದೆವು. ಕೊನೆಯ ಮೂರಕ್ಕೆ ಯೂರಿಯಾ ಕೊಟ್ಟು ಬಾಡಿಸಿದೆವು. ಮೊಣಕಾಲೆತ್ತರ ಬಂದಾಗ ತುದಿಯ ಎಲೆ ಕೊಯ್ದು, ಸಣ್ಣಗೆ ಹೆಚ್ಚಿ, ಗಾಜಿನ ಕೊಳವೆಗೆ ಹಾಕಿ, ಎರಡು ಹನಿ ಕ್ಲೋರೋಫಾರ್ಮ್ ಬಿಟ್ಟು, ಮೇಲೆ ಪಿಕ್ರೇಟ್ ಕಾಗದದ ಹಳದಿ ಪಟ್ಟಿ ಇಳಿಬಿಟ್ಟು ಬಿರಡೆ ಹಾಕಿದೆವು. ಸೈನೈಡ್ ಆವಿ ಬಂದರೆ ಹಳದಿ ಕಾಗದ ಕಿತ್ತಳೆಯಾಗಿ, ಆಮೇಲೆ ಇಟ್ಟಿಗೆ ಕೆಂಪಿಗೆ ತಿರುಗುತ್ತದೆ.

ಯೂರಿಯಾ ಹಾಕಿ ಬಾಡಿಸಿದ ಕುಂಡದ ಕೊಳವೆ ಮೊದಲು ತಿರುಗಿತು. ಪಟ್ಟಿಯ ಕೆಳಗಿನ ಅಂಚಿನಿಂದ ಬಣ್ಣ ಏರತೊಡಗಿತು, ಚಹಾದಲ್ಲಿ ಅದ್ದಿದ ಬಿಸ್ಕತ್ತಿಗೆ ಚಹಾ ಏರುವ ಹಾಗೆ. ನೋಡನೋಡುತ್ತ ಇಡೀ ಪಟ್ಟಿ ಕೆಂಪಾಯಿತು. ದಿನಾ ನೀರುಂಡ ಕುಂಡದ್ದು ತಡವಾಗಿ ಕಿತ್ತಳೆಯಲ್ಲೇ ನಿಂತಿತು. ಪಕ್ಕದ ಹೊಲದಿಂದ ತಂದ, ತೆನೆ ಬಿಟ್ಟು ಹೂವಾದ ಜೋಳದ ಕೆಳಗಿನ ಎಲೆ ಸಂಜೆವರೆಗೂ ಹಳದಿಯಾಗೇ ಇತ್ತು. ಜೊತೆಯವರೆಲ್ಲ ಫೋಟೋ ತೆಗೆಯುತ್ತಿದ್ದರು. ನನಗೆ ಆ ಕೆಂಪು ಪಟ್ಟಿ ನೋಡಿ ಮಾವನ ಎತ್ತು ನೆನಪಾಗಿ ಹೊರಗೆ ಹೋಗಿ ನಿಂತೆ.

ಪ್ರಾಜೆಕ್ಟಿಗೆ ಅಂಕ ಬಂತು. ಆದರೆ ಆ ಪಟ್ಟಿ ನಮ್ಮ ಲ್ಯಾಬಿನ ಫೈಲಿನಲ್ಲಿ ಉಳಿದರೆ ಯಾರಿಗೆ ಏನು ಬಂತು? ಆ ನಾಲ್ಕು ಸಾಲಿನ ಸುದ್ದಿಯ ಉಳಿದ ಭಾಗವನ್ನು ಒಂದು ಹಾಳೆಯಲ್ಲಿ ಬರೆದು ಹಳ್ಳಿಗಳಿಗೆ ಮುಟ್ಟಿಸಬೇಕು ಅಂತಿದ್ದೇವೆ. ಹೇಗೆ ಬರೆದರೆ ನಿಮಗೆ ಉಪಯೋಗ ಆಗುತ್ತದೆ, ಏನು ಬಿಟ್ಟಿದ್ದೇವೆ, ದಯವಿಟ್ಟು ಹೇಳಿ.

---

ಚಿಂಚೋಳಿ ರೈತ (ಭಾನುವಾರ, ರಾತ್ರಿ 10:15)

ತಂಗಿ, ಓದಿ ಮೈ ಜುಮ್ ಅಂತು. ನಮ್ಮ ಅಪ್ಪ ಹೇಳತಿದ್ದ, ಬರಗಾಲದಾಗ ಬಾಡಿದ ಜೋಳಕ್ಕ ಮಳಿ ಬಿದ್ದು ಹೊಸ ಕುಡಿ ಹೊಡದ್ರ ದನಾ ಬಿಡಬ್ಯಾಡ ಅಂತ. ಯಾಕ ಅಂದ್ರ ಅವನಿಗೂ ಗೊತ್ತಿರಲಿಲ್ಲ, ಅವರಪ್ಪ ಹೇಳಿದ್ದ ಅಷ್ಟೇ. ಈಗಿನ ಹುಡುಗರಿಗೆ ಆ ಮಾತು ಗೊತ್ತಿಲ್ಲ.

ಇನ್ನೊಂದು ಹೇಳತೀನಿ, ನೋಡು ನಿನ್ನ ಕೆಲಸಕ್ಕ ಬರಬಹುದು. ಮೊದಲ ನಮ್ಮ ಕಡೆ ಹಿಂಗಾರಿ ಬಿಳಿಜೋಳ ಕೊಯ್ತಿರಲಿಲ್ಲ, ಬೇರು ಸಮೇತ ಕೀಳತಿದ್ರು. ಹೊಲದಾಗ ಕೂಳಿ ಅನ್ನೋದೇ ಉಳೀತಿರಲಿಲ್ಲ. ಈಗ ಕೀಳಲಿಕ್ಕ ಆಳ ಸಿಗಂಗಿಲ್ಲ, ಕುಡಗೋಲಲೆ ಕೊಯ್ತಾರ, ಇಲ್ಲಾಂದ್ರ ಮಷೀನ್ ಬರ್ತದ. ಹೊಲ ತುಂಬ ಕೂಳಿ. ಅಕಾಲದಾಗ ಮಳಿ ಬಿದ್ರ ಎಲ್ಲಾ ಚಿಗರತದ. ನಮ್ಮ ಅಪ್ಪನ ಕಾಲದಾಗ ಇಷ್ಟು ದನ ಹಿಂಗ ಸತ್ತಿದ್ದು ನಾ ನೋಡಿಲ್ಲ. ಇದಕ್ಕ ಅದೇ ಕಾರಣ ಇರಬಹುದಾ?

---

ಔರಾದ್ ಹುಡುಗಿ (ಭಾನುವಾರ, ರಾತ್ರಿ 10:32)

ಅಣ್ಣಾ, ಇದು ನಮಗೆ ಹೊಳೆದೇ ಇರಲಿಲ್ಲ. ಕೂಳೆಯ ಚಿಗುರಿನಲ್ಲಿ ವಿಷ ಹೆಚ್ಚು ಎಂದು ಪುಸ್ತಕದಲ್ಲಿ ಇದೆ, ಕೀಳುವ ಪದ್ಧತಿ ಹೋಗಿ ಕೂಳೆ ಹೆಚ್ಚಾದದ್ದು ಯಾವ ಪುಸ್ತಕದಲ್ಲೂ ನೋಡಿರಲಿಲ್ಲ. ಕಾರಣ ಅದೇ ಎಂದು ಹೇಳಲು ಊರೂರು ತಿರುಗಿ ಕೇಳಬೇಕು. ನಮ್ಮ ಮಾವನ ಹೊಲವನ್ನೂ ಆ ವರ್ಷ ಕೊಯ್ದಿದ್ದರು, ಕಿತ್ತಿರಲಿಲ್ಲ. ಈಗ ನೆನಪಾಗುತ್ತಿದೆ.

ನಿಮ್ಮ ಅಪ್ಪನ ಮಾತು ಸರಿಯಾಗೇ ಇದೆ. ಬರದಲ್ಲಿ ಬೆಳೆ ನಿಂತಾಗ ಧುರಿನ್ ಸೇರುತ್ತಾ ಹೋಗುತ್ತದೆ, ಮಳೆ ಬಿದ್ದು ಏಳುವ ಎಳೆ ಕುಡಿಯಲ್ಲಿ ಅದು ಎಲ್ಲಕ್ಕಿಂತ ಹೆಚ್ಚು.

---

ಭಾಲ್ಕಿ ಹೊಲದವ (ಭಾನುವಾರ, ರಾತ್ರಿ 11:05)

ನನ್ನ ಮಾತು ಕಠಿಣ ಅನಿಸಬಹುದು, ಆದರೂ ಹೇಳುತ್ತೇನೆ. ಮೂರು ವರ್ಷದ ಹಿಂದೆ ಒಂದು ಕಾಲೇಜಿನಿಂದ ಹುಡುಗರು ನಮ್ಮೂರಿಗೆ ಬಂದಿದ್ದರು. ಪ್ರಾಜೆಕ್ಟ್ ಅಂದರು. ನಮ್ಮ ಏಳು ದನಗಳ ರಕ್ತ ತೆಗೆದರು, ಒಂದು ಫಾರ್ಮ್ ತುಂಬಿಸಿಕೊಂಡರು, ಫೋಟೋ ಹೊಡೆದುಕೊಂಡರು. ಕಂದು ರೋಗ, ಅಂದರೆ ದನದ ಗರ್ಭ ಬೀಳಿಸುವ ರೋಗ, ಇದೆಯಾ ನೋಡುತ್ತೇವೆ ಅಂದರು. ಹೋದವರು ಹೋದರು. ಇದೆಯಾ ಇಲ್ಲವಾ ಇವತ್ತಿನವರೆಗೆ ಗೊತ್ತಿಲ್ಲ. ಆಮೇಲೆ ನಮ್ಮ ಒಂದು ಆಕಳು ಏಳನೇ ತಿಂಗಳಿಗೆ ಕಂದು ಹಾಕಿತು. ನನ್ನ ಹೆಂಡತಿ ಬರಿಗೈಯಿಂದ ಅದನ್ನು ಎತ್ತಿ ಹಾಕಿದಳು. ಅವಳಿಗೆ ಆಮೇಲೆ ತಿಂಗಳುಗಟ್ಟಲೆ ಜ್ವರ ಬಂದು ಬಿಟ್ಟು ಆಯಿತು, ಕೀಲು ನೋವು. ಅದೇ ರೋಗ ಎಂದು ಗೊತ್ತಾಗಲು ಎಷ್ಟು ಡಾಕ್ಟರ್‌ಗಳ ಮನೆ ಹತ್ತಿದೆವು ಕೇಳಬೇಡಿ.

ನಿಮ್ಮ ಕುಂಡ, ಕಾಗದ ಎಲ್ಲ ಒಳ್ಳೆಯದೇ. ಆದರೆ ನಮ್ಮಿಂದ ತೆಗೆದುಕೊಂಡು ಹೋದದ್ದನ್ನು ನಮಗೆ ವಾಪಸ್ ಹೇಳುವವರು ಯಾರು?

---

ಔರಾದ್ ಹುಡುಗಿ (ಭಾನುವಾರ, ರಾತ್ರಿ 11:48)

ಈ ಮಾತು ಓದಿ ತುಂಬ ಹೊತ್ತು ಏನು ಬರೆಯಬೇಕೆಂದು ತಿಳಿಯಲಿಲ್ಲ. ಅಕ್ಕ ಈಗ ಹೇಗಿದ್ದಾರೆ?

ಅವರು ಮಾಡಿದ್ದು ತಪ್ಪು, ಅದನ್ನು ಮುಚ್ಚಲು ನನಗೆ ಯಾವ ಮಾತೂ ಬೇಡ. ಕಂದು ರೋಗ ದನದಿಂದ ಮನುಷ್ಯರಿಗೆ ಬರುತ್ತದೆ. ಕಂದು ಹಾಕಿದ್ದನ್ನು, ಸತ್ತೆಯನ್ನು (ಕರುವಿನ ಹಿಂದೆ ಬೀಳುವ ಮಾಸು) ಬರಿಗೈಯಲ್ಲಿ ಮುಟ್ಟಬಾರದು, ಹಸಿ ಹಾಲು ಕುಡಿಯಬಾರದು. ಇಷ್ಟನ್ನು ರಕ್ತ ತೆಗೆಯುವ ದಿನವೇ ಹೇಳಿದ್ದರೂ ಸಾಕಿತ್ತು. ಹೆಣ್ಣು ಕರುಗಳಿಗೆ ನಾಲ್ಕರಿಂದ ಎಂಟು ತಿಂಗಳ ಒಳಗೆ ಒಮ್ಮೆ ಹಾಕಿಸುವ ಲಸಿಕೆ ಇದೆ. ಕಾಲುಬಾಯಿ ಬೇನೆಯ ಲಸಿಕೆಯ ಜೊತೆ ಇದನ್ನೂ ಸೇರಿಸಿ 2019ರಲ್ಲಿ ಕೇಂದ್ರ ಸರ್ಕಾರ ದೇಶದ ತುಂಬ ಕಾರ್ಯಕ್ರಮ ಶುರು ಮಾಡಿದೆ. ನಿಮ್ಮ ಮನೆಯಲ್ಲಿ ಆ ವಯಸ್ಸಿನ ಹೆಣ್ಣುಗರು ಇದ್ದರೆ ತಪ್ಪದೆ ಹಾಕಿಸಿ.

ನಮ್ಮ ನಾಲ್ವರ ಮಾತು ಇದು: ಯಾರ ಹೊಲದಿಂದ ಎಲೆ ತರುತ್ತೇವೋ ಅವರಿಗೆ ಅದೇ ದಿನ ಕಾಗದದ ಪಟ್ಟಿಯ ಬಣ್ಣ ತೋರಿಸದೆ ಎದ್ದು ಬರುವುದಿಲ್ಲ. ನಾಳೆ ಕ್ಲಾಸಿನಲ್ಲೂ ನಿಮ್ಮ ಬರಹವನ್ನು ಓದುತ್ತೇನೆ, ಒಪ್ಪಿಗೆ ಇದ್ದರೆ.

---

ಭಾಲ್ಕಿ ಹೊಲದವ (ಸೋಮವಾರ, ಬೆಳಗ್ಗೆ 6:10)

ಓದು. ಹೆಂಡತಿ ಈಗ ಪರವಾಗಿಲ್ಲ, ಔಷಧ ಪೂರ್ತಿ ತೆಗೆದುಕೊಂಡಳು. ಕೇಳಿದ್ದಕ್ಕೆ ಉಪಕಾರ.

---

ನಿವೃತ್ತ ಪಶುವೈದ್ಯ, ಕಲಬುರಗಿ (ಸೋಮವಾರ, ಬೆಳಗ್ಗೆ 7:30)

ಮಗಳೇ, ಕೆಲಸ ಚೆನ್ನಾಗಿದೆ. ಆದರೆ ಒಂದು ವಾಕ್ಯವನ್ನು ಇವತ್ತೇ ತಿದ್ದು. "ಸತ್ತ ದನವನ್ನು ಕೊಯ್ದು ನೋಡಿದರೆ ರಕ್ತ ಕೆಂಪಗೆ" ಎಂದು ಬರೆದಿದ್ದೀಯ. ಓದಿದ ರೈತ ನಾಳೆ ಕುಡುಗೋಲು ತೆಗೆದುಕೊಂಡು ಕೊಯ್ದು ನೋಡುತ್ತಾನೆ. ದನ ದಿಢೀರನೆ ಸಾಯುವುದು ಸೈನೈಡಿನಿಂದ ಮಾತ್ರ ಅಲ್ಲ. ನೆರಡಿ ರೋಗದಲ್ಲೂ, ಅಂದರೆ ಆಂಥ್ರಾಕ್ಸ್‌ನಲ್ಲೂ, ನಿಂತ ದನ ಬಿದ್ದು ಸಾಯುತ್ತದೆ. ಅಂಥ ಹೆಣವನ್ನು ಕೊಯ್ದರೆ ಅದರ ಬೀಜಾಣು ಮಣ್ಣಿಗೆ ಸೇರಿ ದಶಕಗಟ್ಟಲೆ ಅಲ್ಲೇ ಕುಳಿತಿರುತ್ತದೆ, ಕೊಯ್ದವನಿಗೂ ಅಂಟುತ್ತದೆ. ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರಿದ್ದರೆ ಹತ್ತಿರವೂ ಹೋಗಬಾರದು. ಏಕಾಏಕಿ ಸತ್ತ ಯಾವ ದನವನ್ನೂ ಮನೆಯವರು ಕೊಯ್ಯಬಾರದು. ಇದು ನಿಮ್ಮ ಹಾಳೆಯ ಮೊದಲ ಸಾಲಾಗಬೇಕು.

ಚಿಕಿತ್ಸೆ ಬಗ್ಗೆ ನೀನು ಬರೆದೇ ಇಲ್ಲ. ಸೈನೈಡ್ ಬಡಿದ ದನವನ್ನು ಉಳಿಸಬಹುದು, ಹೊತ್ತು ಮಾತ್ರ ಬಹಳ ಕಡಿಮೆ. ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ಥಯೋಸಲ್ಫೇಟ್ ರಕ್ತನಾಳಕ್ಕೆ ಕೊಡುತ್ತೇವೆ. ಥಯೋಸಲ್ಫೇಟ್ ಸೈನೈಡನ್ನು ಅಷ್ಟೇನೂ ಕೇಡಿಲ್ಲದ ಥಯೋಸಯನೇಟ್ ಮಾಡಿ ಮೂತ್ರದಲ್ಲಿ ಹೊರಹಾಕಿಸುತ್ತದೆ. ಹಳೆಯ ಫೋಟೋ ಸ್ಟುಡಿಯೋಗಳಲ್ಲಿ ಚಿತ್ರ ಗಟ್ಟಿ ಮಾಡಲು ಹೈಪೋ ಅಂತ ಹರಳು ಬಳಸುತ್ತಿದ್ದರಲ್ಲ, ಅದೇ ವಸ್ತು. ನಾನು ಸೇಡಂ ಕಡೆ ಇದ್ದಾಗ ಒಂದು ಮಧ್ಯಾಹ್ನ ಹೀಗೇ ಒಂದು ಎಮ್ಮೆ ಬಿತ್ತು. ಅದರ ಕಣ್ಣಿನ ಒಳಪೊರೆ ಗುಲಾಬಿ ದಾಟಿ ಕಡುಗೆಂಪಾಗಿತ್ತು. ಸೂಜಿ ತೆಗೆದು ಐದು ನಿಮಿಷ ಆಗಿರಲಿಲ್ಲ, ತಲೆ ಎತ್ತಿತು. ಆಮೇಲೆ ಎದ್ದು ಮೈ ಜಾಡಿಸಿತು. ಇಷ್ಟು ವರ್ಷದ ನೌಕರಿಯಲ್ಲಿ ಅಷ್ಟು ಬೇಗ ಫಲ ಕೊಟ್ಟ ಬೇರೆ ಔಷಧ ನಾನು ಕಾಣಲಿಲ್ಲ.

ಆದ್ದರಿಂದ ಬೆಲ್ಲದ ನೀರು, ಮಜ್ಜಿಗೆ ಎಂದು ಗೊಟ್ಟ ಹಿಡಿದು ಕೂರಬೇಡಿ. ಉಸಿರಿಗೆ ಒದ್ದಾಡುವ ದನಕ್ಕೆ ಗೊಟ್ಟದಲ್ಲಿ ಏನೇ ಕುಡಿಸಿದರೂ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಮೊದಲು ಡಾಕ್ಟರಿಗೆ ಫೋನ್ ಮಾಡಿ, "ಎಳೆ ಜೋಳ ಮೇಯ್ದಿದೆ" ಎಂಬ ಮಾತನ್ನು ಮೊದಲೇ ಹೇಳಿ. ಆ ಒಂದು ಮಾತಿನಿಂದ ಅವರು ಸರಿಯಾದ ಔಷಧ ಹಿಡಿದು ಹೊರಡುತ್ತಾರೆ.

---

ಔರಾದ್ ಹುಡುಗಿ (ಸೋಮವಾರ, ಬೆಳಗ್ಗೆ 8:05)

ಸರ್, ಕ್ಷಮಿಸಿ. ಕೊಯ್ದು ನೋಡುವ ಮಾತು ನಮ್ಮ ಹಾಳೆಯಿಂದ ತೆಗೆದೆ, ಅದರ ಜಾಗದಲ್ಲಿ ನಿಮ್ಮ ಮಾತನ್ನೇ ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ. ಮೇಲಿನ ಬರಹದಲ್ಲಿ ಮೂಲವನ್ನು ಹಾಗೇ ಬಿಟ್ಟಿದ್ದೇನೆ, ಇಲ್ಲದಿದ್ದರೆ ಓದುವವರಿಗೆ ನಿಮ್ಮ ಎಚ್ಚರಿಕೆ ಯಾಕೆಂದು ತಿಳಿಯುವುದಿಲ್ಲ. ದಯವಿಟ್ಟು ಯಾರೂ ಸತ್ತ ದನ ಕೊಯ್ಯಬೇಡಿ.

---

ಸೇಡಂ ವಿಜ್ಞಾನ ಟೀಚರ್ (ಸೋಮವಾರ, ಮಧ್ಯಾಹ್ನ 1:20)

ಪಿಕ್ರೇಟ್ ಕಾಗದದ ಪ್ರಯೋಗ ಬಹಳ ಹಿಡಿಸಿತು. ನಮ್ಮ ಒಂಬತ್ತನೇ ತರಗತಿ ಮಕ್ಕಳು ವಿಜ್ಞಾನ ಮೇಳಕ್ಕೆ ಮಾಡಬಹುದೇ? ಎಲ್ಲರ ಮನೆಯಲ್ಲೂ ಜೋಳ ಇದೆ. ಏನೇನು ಬೇಕು ಪಟ್ಟಿ ಕೊಡಿ.

---

ಔರಾದ್ ಹುಡುಗಿ (ಸೋಮವಾರ, ಸಂಜೆ 5:15)

ಮೇಡಂ, ಇದನ್ನು ಶಾಲೆಯಲ್ಲಿ ದಯವಿಟ್ಟು ಮಾಡಬೇಡಿ. ಕಾಗದಕ್ಕೆ ಬಳಸುವ ಪಿಕ್ರಿಕ್ ಆಮ್ಲ ಒಣಗಿದರೆ ಸ್ಫೋಟಕ. ನಮ್ಮ ಲ್ಯಾಬಿನಲ್ಲೂ ಅದನ್ನು ಸದಾ ನೀರಿನಲ್ಲಿ ಒದ್ದೆಯಾಗಿಯೇ ಇಡುತ್ತಾರೆ, ಬಾಟಲಿಯ ಬಾಯಲ್ಲಿ ಹರಳು ಕಟ್ಟಿದ್ದು ಕಂಡರೆ ಮುಚ್ಚಳ ಮುಟ್ಟಲೂ ಬಿಡುವುದಿಲ್ಲ. ಕೊಳವೆಯಿಂದ ಬರುವುದು ಸೈನೈಡ್ ಆವಿ ಬೇರೆ. ಮೇಳಕ್ಕೆ ನಾವೇ ಬಣ್ಣ ತಿರುಗಿದ ಪಟ್ಟಿಗಳ ಚಿತ್ರ ಕಳಿಸುತ್ತೇವೆ.

ಮಕ್ಕಳಿಗೆ ಇದಕ್ಕಿಂತ ಚೆಂದದ್ದೊಂದಿದೆ, ಟೇಪಿನಿಂದ ದನದ ತೂಕ. ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಇಂಚಿನಲ್ಲಿ ತೆಗೆಯಿರಿ. ಭುಜದ ಮುಂದಿನ ಮೂಳೆಯಿಂದ ಬಾಲದ ಪಕ್ಕದ ಪೃಷ್ಠದ ಮೂಳೆವರೆಗೆ ಉದ್ದ ತೆಗೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಸರಿಸುಮಾರು ತೂಕ ಕಿಲೋದಲ್ಲಿ ಬರುತ್ತದೆ. ಶೇಫರ್ ಸೂತ್ರ ಅನ್ನುತ್ತಾರೆ. ನಮ್ಮ ಮಾವ ಆಮೇಲೆ ಕೊಂಡ ಎತ್ತನ್ನು ಹೋದ ದೀಪಾವಳಿಗೆ ಅಳೆದೆ. ಸುತ್ತಳತೆ 70 ಇಂಚು, ಉದ್ದ 58. ಲೆಕ್ಕ ಹಾಕಿದರೆ 430 ಕಿಲೋ. ಮಾವ ಕಣ್ಣಂದಾಜಿನಲ್ಲಿ 300 ಅಂದಿದ್ದರು, ಜಂತಿನ ಔಷಧವನ್ನೂ ಇಷ್ಟು ವರ್ಷ ಅದೇ ಅಂದಾಜಿನಲ್ಲಿ ಕುಡಿಸುತ್ತಿದ್ದರು. ತೂಕಕ್ಕಿಂತ ಕಡಿಮೆ ಔಷಧ ಕುಡಿಸಿದರೆ ಗಟ್ಟಿ ಜಂತುಗಳು ಉಳಿದು ಅವುಗಳ ಸಂತಾನವೇ ಹೆಚ್ಚುತ್ತದೆ, ಕೊನೆಗೆ ಆ ಔಷಧವೇ ನಾಟುವುದಿಲ್ಲ. ಮಕ್ಕಳು ತಮ್ಮ ತಮ್ಮ ಮನೆಯ ದನ ಅಳೆದು ಗೋಡೆಗೆ ಬರೆದಿಟ್ಟರೆ ಡಾಕ್ಟರ್ ಬಂದಾಗ ನೇರ ಉಪಯೋಗಕ್ಕೆ ಬರುತ್ತದೆ.

---

ಸೇಡಂ ವಿಜ್ಞಾನ ಟೀಚರ್ (ಸೋಮವಾರ, ಸಂಜೆ 6:00)

ಗಣಿತದ ಪಾಠವೂ ಆಯಿತು. ನಾಳೆಯೇ ಟೇಪು ತರಲು ಹೇಳುತ್ತೇನೆ. ಹಾಯುವ ದನದ ಹತ್ತಿರ ಹೋಗಬೇಡಿ ಎಂದೂ ಹೇಳುತ್ತೇನೆ.

---

ಶಹಾಪುರ ಕುರಿಯವ (ಸೋಮವಾರ, ರಾತ್ರಿ 8:50)

ಜಂತಿನ ಮಾತ ಬಂತಲ್ಲ, ಅದಕ್ಕ ಬರೀಲಾಕತ್ತೀನಿ. ನಮ್ಮವು 120 ಕುರಿ ಅದಾವ. ಅಡವ್ಯಾಗ ಹಟ್ಟಿ ಹಾಕೋರು ನಾವು. ಡಾಕ್ಟರ್ ಎಲ್ಲಿ ಸಿಗಬೇಕು? ನಮ್ಮ ಮುತ್ತ್ಯಾ ಕುರಿ ಹಿಡದು ಕಣ್ಣಿನ ಕೆಳಗಿನ ರೆಪ್ಪಿ ಇಳಿಸಿ ನೋಡ್ತಿದ್ದ. ಕೆಂಪಿದ್ರ ಬಿಡತಿದ್ದ, ಬೆಳ್ಳಗಾಗಿದ್ರ "ಇದರ ರಗತ ಹೋಗೇದ" ಅಂತಿದ್ದ. ಈಗ ಔಷಧ ಮಾರೋರು ಬಂದು ಎಲ್ಲಾ ಕುರಿಗೂ ಮೂರು ತಿಂಗಳಿಗೊಮ್ಮೆ ಹಾಕ್ರಿ ಅಂತಾರ. ಹಾಕ್ತೀವಿ, ಆದ್ರೂ ಮಳಿಗಾಲದಾಗ ದವಡಿ ಕೆಳಗ ನೀರ ತುಂಬಿ ಸಾಯ್ತಾವ. ಯಾವುದು ಖರೇ?

---

ಔರಾದ್ ಹುಡುಗಿ (ಸೋಮವಾರ, ರಾತ್ರಿ 9:30)

ಕಾಕಾ, ನಿಮ್ಮ ಮುತ್ತ್ಯಾನ ಲೆಕ್ಕ ಸರಿ. ನಾನು ಕಳೆದ ವರ್ಷ ಶನಿವಾರದ ಸುದ್ದಿಗೆ ಇದನ್ನೇ ಆರಿಸಿದ್ದೆ, ಅದಕ್ಕೇ ಓದಿ ರೋಮಾಂಚನ ಆಯಿತು.

ದವಡೆ ಕೆಳಗೆ ನೀರು ತುಂಬಿಸುವುದು ಕುರಿಯ ಹೊಟ್ಟೆಯಲ್ಲಿ ಕೂತು ರಕ್ತ ಹೀರುವ ಹಿಮಾಂಕಸ್ ಎಂಬ ಜಂತು. ಕೂದಲೆಳೆಯಷ್ಟು ದಪ್ಪ. ಒಂದೊಂದು ಹೆಣ್ಣು ಜಂತು ದಿನಕ್ಕೆ ಐದು ಸಾವಿರದಿಂದ ಹತ್ತು ಸಾವಿರ ಮೊಟ್ಟೆ ಇಡುತ್ತದೆ. ಮಳೆಗಾಲದಲ್ಲಿ ಹುಲ್ಲಿನ ಮೇಲೆ ಮರಿ ಏರಿ ಕುಳಿತಿರುತ್ತದೆ. ದಕ್ಷಿಣ ಆಫ್ರಿಕಾದ ವಿಜ್ಞಾನಿಗಳು ಇದಕ್ಕೆ ಫಮಾಚಾ ಎಂಬ ಬಣ್ಣದ ಕಾರ್ಡ್ ಮಾಡಿದರು. ಕಣ್ಣಿನ ಕೆಳರೆಪ್ಪೆಯ ಒಳಭಾಗವನ್ನು ಕಡುಕೆಂಪಿನಿಂದ ಬಿಳಿವರೆಗಿನ ಐದು ಬಣ್ಣಗಳ ಜೊತೆ ಹೋಲಿಸಿ, ಬಿಳಿಚಿದ ಕುರಿಗೆ ಮಾತ್ರ ಔಷಧ ಕೊಡುವುದು. ಎಲ್ಲಕ್ಕೂ ಕೊಟ್ಟರೆ ಔಷಧಕ್ಕೆ ಸಾಯದ ಜಂತುಗಳಷ್ಟೇ ಮಂದೆಯಲ್ಲಿ ಉಳಿಯುತ್ತವೆ. ಕೆಲವಕ್ಕೆ ಕೊಡದೆ ಬಿಟ್ಟರೆ ಔಷಧಕ್ಕೆ ಸಾಯುವ ಜಂತುಗಳೂ ಉಳಿದು, ಗಟ್ಟಿ ಜಂತುಗಳ ಬಲ ಕಡಿಮೆ ಇರುತ್ತದೆ. ಕಾರ್ಡ್ ಹೊಸದು, ನೋಡುವ ಕಣ್ಣು ನಿಮ್ಮ ಮುತ್ತ್ಯಾನದು.

ಒಂದೇ ಎಚ್ಚರ: ಬಿಳಿಚುವುದಕ್ಕೆ ಬೇರೆ ಕಾರಣಗಳೂ ಇರುತ್ತವೆ. ಈಗಾಗಲೇ ದವಡೆ ಊದಿದ ಕುರಿಗೆ ಕಾಯದೆ ಔಷಧ ಹಾಕಿ.

---

ಶಹಾಪುರ ಕುರಿಯವ (ಸೋಮವಾರ, ರಾತ್ರಿ 9:55)

ಮುತ್ತ್ಯಾ ಇದ್ದಿದ್ರ ಓದಿ ಹೇಳತಿದ್ದೆ. ಇನ್ನೊಂದು ಕೇಳ್ತೀನಿ, ಬ್ಯಾರೆ ವಿಷಯ. ಮೊದಲ ಸತ್ತ ಕುರಿ ಒಗದ್ರ ರಣಹದ್ದು ಬಂದು ತಾಸಿನಾಗ ಮುಗಸ್ತಿದ್ವು. ಈಗ ಒಂದೂ ಇಲ್ಲ. ನಾಯಿ ಹಿಂಡು ಹೆಚ್ಚಾಗ್ಯಾವ, ಅವು ಮರಿ ಹಿಡೀತಾವ.

---

ಔರಾದ್ ಹುಡುಗಿ (ಸೋಮವಾರ, ರಾತ್ರಿ 10:20)

ಅದೂ ಔಷಧದ ಕತೆಯೇ. ದನಗಳಿಗೆ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಸತ್ತ ದನದ ಮಾಂಸದ ಮೂಲಕ ರಣಹದ್ದಿನ ಹೊಟ್ಟೆಗೆ ಹೋಗಿ ಅದರ ಮೂತ್ರಪಿಂಡ ಕೆಡಿಸುತ್ತದೆ ಎಂದು 2004ರಲ್ಲಿ ಗೊತ್ತಾಯಿತು. ಅಷ್ಟರಲ್ಲಿ ಬಿಳಿಬೆನ್ನಿನ ರಣಹದ್ದುಗಳು ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಹೋಗಿಯಾಗಿತ್ತು. ಭಾರತದಲ್ಲಿ ದನಗಳಿಗೆ ಅದನ್ನು 2006ರಲ್ಲಿ ನಿಷೇಧಿಸಿದರು, ಕೀಟೋಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್ ಅನ್ನು 2023ರಲ್ಲಿ. ಮೆಲಾಕ್ಸಿಕ್ಯಾಮ್ ಎಂಬ ಔಷಧದಿಂದ ರಣಹದ್ದಿಗೆ ತೊಂದರೆ ಇಲ್ಲ. ಮನುಷ್ಯರ ಡೈಕ್ಲೋಫೆನಾಕ್ ಸೂಜಿಯನ್ನು ದನಕ್ಕೆ ಚುಚ್ಚುವವರು ಕಂಡರೆ ದಯವಿಟ್ಟು ತಡೆಯಿರಿ.

---

ಹುಮನಾಬಾದ್ ಹಾಲಿನವಳು (ಮಂಗಳವಾರ, ಬೆಳಗ್ಗೆ 9:10)

ಸುದ್ದಿ ಅರ್ಧ ಬಂದರೆ ಏನಾಗುತ್ತದೆ ಎಂದು ನನ್ನನ್ನು ಕೇಳಿ. ಚರ್ಮಗಂಟು ರೋಗದ ವರ್ಷ ಟಿವಿಯಲ್ಲಿ ದಿನವಿಡೀ ಗಂಟೆದ್ದ ದನಗಳನ್ನೇ ತೋರಿಸಿದರು. ಮನುಷ್ಯರಿಗೆ ಬರುವುದಿಲ್ಲ ಎಂಬ ಮಾತು ಎಲ್ಲೋ ಕೊನೆಗೆ. ನನ್ನ ಎರಡೂ ಆಕಳು ಆರೋಗ್ಯವಾಗಿದ್ದವು, ಆದರೂ ದಿನಾ ಹಾಲು ಹಾಕಿಸಿಕೊಳ್ಳುವ ವರ್ತನೆ ಮನೆಗಳು ಹಾಲು ಬೇಡ ಅಂದವು. ಹದಿನೆಂಟು ದಿನ ಹಾಲು ಚರಂಡಿಗೆ ಸುರಿದೆ. ನೀವು ಹಾಳೆ ಮಾಡುವಾಗ ಜೋಳ ತಿಂದ ದನದ ಹಾಲಿನ ಬಗ್ಗೆ ಜನ ಹೆದರುವ ಹಾಗೆ ಬರೆಯಬೇಡಿ, ಅಷ್ಟೇ ನನ್ನ ಬೇಡಿಕೆ.

---

ಔರಾದ್ ಹುಡುಗಿ (ಮಂಗಳವಾರ, ಮಧ್ಯಾಹ್ನ 1:40)

ಅಕ್ಕಾ, ನಿಮ್ಮ ಮಾತು ನೆನಪಿಟ್ಟುಕೊಂಡೇ ಹಾಳೆಯನ್ನು ಮತ್ತೆ ಬರೆದೆ. ಹೆದರಿಸುವ ಸಾಲು ತೆಗೆದು, ಏನು ಮಾಡಬಹುದು ಎಂಬುದನ್ನು ಮುಂದೆ ತಂದೆ. ಜೋಳದ ಮೇವು ಕೆಟ್ಟದ್ದಲ್ಲ, ನಮ್ಮ ದನಗಳು ಬದುಕಿದ್ದೇ ಅದರ ಮೇಲೆ. ಹೂ ಬಿಟ್ಟ ಮೇಲೆ ಕೊಯ್ದ ಹಸಿ ಮೇವು, ಚೆನ್ನಾಗಿ ಒಣಗಿದ ಕಣಕಿ, ರಸಮೇವು (ಗಾಳಿಯಾಡದಂತೆ ಮುಚ್ಚಿ ಹುಳಿಸಿದ ಹಸಿ ಮೇವು) ಎಲ್ಲ ತಿನ್ನಿಸಬಹುದು. ಮೊಣಕಾಲೆತ್ತರದ ಎಳೆ ಬೆಳೆ, ಬಾಡಿ ನಿಂತ ಬೆಳೆ, ಕೂಳೆ ಚಿಗುರು, ಈ ಮೂರರಿಂದ ದೂರ ಇಡಬೇಕು. ಬಾಡಿದ ಬೆಳೆಗೆ ನೀರು ಸಿಕ್ಕರೂ ಅದು ಚೇತರಿಸಿಕೊಂಡು ಬೆಳೆಯುವವರೆಗೆ ಕಾಯಬೇಕು. ಹಸಿದ ದನವನ್ನು ನೇರ ಹಸಿರಿಗೆ ಬಿಡಬಾರದು, ಮೊದಲು ಒಣ ಮೇವು ಹಾಕಿ ಹೊಟ್ಟೆ ಅರ್ಧ ತುಂಬಿಸಬೇಕು. ಸಾಯುವುದು ಎಷ್ಟು ತಿಂದಿತು ಎಂಬುದರಿಂದ ಮಾತ್ರ ಅಲ್ಲ, ಎಷ್ಟು ಬೇಗ ತಿಂದಿತು ಎಂಬುದರಿಂದ ಕೂಡ. ನಿಧಾನವಾಗಿ ಸ್ವಲ್ಪ ಬಂದ ಸೈನೈಡನ್ನು ದನದ ಯಕೃತ್ತೇ ನಿಭಾಯಿಸುತ್ತದೆ.

ಹಾಳೆಯನ್ನು ಅಜ್ಜಿಗೆ ಫೋನಿನಲ್ಲಿ ಓದಿ ಹೇಳಿದೆ. "ಧುರಿನ್ ಗಿರಿನ್ ತೆಗಿ, ಕೂಳಿ ಅಂತ ಮೊದಲ ಬರಿ" ಅಂದಳು. ಹಾಗೇ ಮಾಡಿದ್ದೇನೆ.

---

ಚಿಂಚೋಳಿ ರೈತ (ಮಂಗಳವಾರ, ರಾತ್ರಿ 8:30)

ತಂಗಿ, ನಮ್ಮ ಹೊಲದ ಒಂದು ಮೂಲ್ಯಾಗ ಮೇವಿನ ಜೋಳ ಬಿತ್ತೀನಿ. ಹದಿನೈದು ದಿನ ಮಳಿ ಇಲ್ಲ, ಸುರುಳಿ ಸುತ್ತಿ ನಿಂತದ. ಮನ್ಯಾಗ ಎರಡು ಎಮ್ಮಿ ಅದಾವ, ಬ್ಯಾರೆ ಹಸಿ ಮೇವಿಲ್ಲ. ನಾಳೆ ಬೆಳಿಗ್ಗೆ ಒಂದು ಸಿವುಡು ಕೊಯ್ದು ಬಸ್ಸಿನಾಗ ಕಳಿಸ್ಲೇನು? ನೋಡಿ ಹೇಳತೀರಾ?

---

ಔರಾದ್ ಹುಡುಗಿ (ಮಂಗಳವಾರ, ರಾತ್ರಿ 8:52)

ಕೊಯ್ದು ಕಳಿಸಬೇಡಿ ಅಣ್ಣಾ. ಬಸ್ಸಿನಲ್ಲಿ ಬರುವಷ್ಟರಲ್ಲಿ ಎಲೆ ಬಾಡಿ ಸೈನೈಡ್ ಗಾಳಿಗೆ ಹಾರಿಹೋದರೆ ನಮ್ಮ ಕಾಗದ ಹಳದಿಯಾಗೇ ಉಳಿಯುತ್ತದೆ, ನೀವು ಅದನ್ನು ನಂಬಿ ಎಮ್ಮೆ ಬಿಡುತ್ತೀರಿ. ಗುರುವಾರ ಕ್ಲಾಸ್ ಮಧ್ಯಾಹ್ನಕ್ಕೆ ಮುಗಿಯುತ್ತದೆ. ನಾನೂ ಇನ್ನೊಬ್ಬಳೂ ಕೊಳವೆ, ಒದ್ದೆ ಪಟ್ಟಿ ತೆಗೆದುಕೊಂಡು ಸಂಜೆಯೊಳಗೆ ಬರುತ್ತೇವೆ, ಸರ್ ಒಪ್ಪಿದ್ದಾರೆ, ಅವರೂ ಬರುತ್ತಾರೆ. ಎಲೆ ನಿಮ್ಮ ಮುಂದೆಯೇ ಕೊಯ್ದು, ಬದುವಿನ ಮೇಲೆ ಕೂತೇ ನೋಡೋಣ. ಅಲ್ಲಿವರೆಗೆ ಎಮ್ಮೆಗಳಿಗೆ ಕಣಕಿ ಹಾಕಿ, ಹಗ್ಗ ಗಟ್ಟಿ ಇದೆಯಾ ಒಮ್ಮೆ ನೋಡಿಕೊಳ್ಳಿ.

---

ಭಾಲ್ಕಿ ಹೊಲದವ (ಮಂಗಳವಾರ, ರಾತ್ರಿ 9:15)

ಅಲ್ಲಿಂದ ಬಂದ ಮೇಲೆ ನಮ್ಮೂರಿಗೂ ಬನ್ನಿ. ಈ ವರ್ಷ ಹುಟ್ಟಿದ ಎರಡು ಹೆಣ್ಣುಗರು ಇವೆ, ಐದು ತಿಂಗಳಾಯಿತು.